ಸೀಟಿ ಊದುವವರಿಗೂ ಬೇಕು ವಿಮೆ: ಅಂಪೈರ್, ರೆಫರಿಗಳು ಮಾಡಿಸಿಕೊಳ್ಳುವುದು ಹೇಗೆ?

ಬೇಸಿಗೆ ಬಂತೆಂದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಸುತ್ತಿನ ಊರುಗಳಲ್ಲಿ ಟೂರ್ನಿಗಳ ಸಾಲು. ಕರಪತ್ರದಲ್ಲಿ ಮೊದಲ ಬಹುಮಾನ, ಎರಡನೇ ಬಹುಮಾನ, ದಾನಿಗಳ ಹೆಸರು, ಪ್ರವೇಶ ಶುಲ್ಕ ಎಲ್ಲವೂ ಅಚ್ಚಾಗಿರುತ್ತದೆ. ಅಂಪೈರ್ ಬಗ್ಗೆ ಇರುವುದು ಒಂದೇ ಸಾಲು: ‘ನಿರ್ಣಾಯಕರ ತೀರ್ಮಾನವೇ ಅಂತಿಮ’. ಆ ತೀರ್ಮಾನ ಕೊಡುವವರ ಮೊಣಕಾಲು ಮುರಿದರೆ ಆಸ್ಪತ್ರೆಯ ಬಿಲ್ಲು ಯಾರ ಹೆಸರಿಗೆ ಎಂಬುದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಏಟು ಬೀಳುವುದು ಆಟಗಾರರಿಗೆ ಮಾತ್ರ ಎಂದುಕೊಳ್ಳಬೇಡಿ. 2015ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ದಿಂಡಿಗಲ್‌ನಲ್ಲಿ ನಡೆದ ರಣಜಿ ಪಂದ್ಯದಲ್ಲಿ ಆಸ್ಟ್ರೇಲಿಯಾದ ಅಂಪೈರ್ ಜಾನ್ ವಾರ್ಡ್ ಅವರ ತಲೆಗೆ ಚೆಂಡು ಬಡಿದು ಆಸ್ಪತ್ರೆ ಸೇರಬೇಕಾಯಿತು. ಮರುವರ್ಷದ ಐಪಿಎಲ್‌ನಲ್ಲಿ ಅಂಪೈರ್ ಬ್ರೂಸ್ ಆಕ್ಸನ್‌ಫರ್ಡ್ ಮುಂಗೈಗೆ ಗುರಾಣಿ ಕಟ್ಟಿಕೊಂಡೇ ವಿಕೆಟ್ ಹಿಂದೆ ನಿಂತರು. 2019ರಲ್ಲಿ ವೇಲ್ಸ್‌ನ ಕ್ಲಬ್ ಪಂದ್ಯವೊಂದರಲ್ಲಿ ಚೆಂಡು ತಗುಲಿದ್ದ 80 ವರ್ಷದ ಅಂಪೈರ್ ಒಬ್ಬರು ಕೆಲವು ವಾರಗಳ ಬಳಿಕ ತೀರಿಕೊಂಡರು. ನಮ್ಮ ಕಡೆ ಟೆನಿಸ್ ಚೆಂಡಿನ ಪಂದ್ಯಗಳೇ ಹೆಚ್ಚಾದ್ದರಿಂದ ತಲೆಯೊಡೆಯುವ ಭಯ ಕಡಿಮೆ. ಆದರೆ ರನ್ನಿಗೆ ಓಡುವವರು ಬಂದು ಢಿಕ್ಕಿ ಹೊಡೆಯುವುದು, ಕಬಡ್ಡಿ ಅಂಕಣದ ಅಂಚಿನಲ್ಲಿ ಕಾಲು ಉಳುಕುವುದು, ಸೋತ ತಂಡದವರು ಮೈಮೇಲೆ ಬರುವುದು ಇದ್ದೇ ಇವೆ.

ಮೊದಲ ಹೆಜ್ಜೆ: ನಿಮ್ಮ ಕೆಲಸವನ್ನು ಬರೆಯಿಸಿ

ವಿಮೆಗೆ ಸಲ್ಲಿಸುವ ಅರ್ಜಿಯಲ್ಲಿ, ಅಂದರೆ ಪ್ರಪೋಸಲ್ ಫಾರ್ಮ್‌ನಲ್ಲಿ, ‘ಉದ್ಯೋಗ’ ಎಂಬ ಕಾಲಂ ಇರುತ್ತದೆ. ಏಜೆಂಟರು ಅವಸರದಲ್ಲಿ ‘ವ್ಯಾಪಾರ’ ಎಂದೋ ‘ಖಾಸಗಿ ಉದ್ಯೋಗ’ ಎಂದೋ ಗೀಚಿ ನಿಮ್ಮ ಸಹಿ ಪಡೆಯುತ್ತಾರೆ. ಪರಿಹಾರ ಕೇಳುವ ದಿನ, ಅಂದರೆ ಕ್ಲೇಮಿನ ದಿನ, ಕಂಪನಿಯವರು ಮೊದಲು ಬೆರಳಿಡುವುದು ಅಲ್ಲಿಗೇ. ಆದ್ದರಿಂದ ಮುಖ್ಯ ಉದ್ಯೋಗದ ಜೊತೆಗೆ ‘ಸಂಭಾವನೆ ಪಡೆದು ಕ್ರಿಕೆಟ್ ಅಂಪೈರಿಂಗ್’ ಅಥವಾ ‘ಕಬಡ್ಡಿ ರೆಫರಿ’ ಎಂದು ನಿಮ್ಮ ಕೈಯಿಂದಲೇ ಬರೆಯಿರಿ, ಫಾರ್ಮ್‌ನ ಫೋಟೊ ತೆಗೆದಿಟ್ಟುಕೊಳ್ಳಿ.

ಮುಖ್ಯ ಉದ್ಯೋಗವೂ ಲೆಕ್ಕಕ್ಕೆ ಬರುತ್ತದೆ. ಅಪಘಾತ ವಿಮೆಯಲ್ಲಿ ಕೆಲಸಗಳನ್ನು ಅಪಾಯಕ್ಕೆ ತಕ್ಕಂತೆ ಸಾಮಾನ್ಯವಾಗಿ ಮೂರು ವರ್ಗ ಮಾಡುತ್ತಾರೆ. ಶಿಕ್ಷಕರು, ವಕೀಲರು, ಗುಮಾಸ್ತರು ಮೊದಲನೆಯದರಲ್ಲಿ. ಮೆಕ್ಯಾನಿಕ್, ಲಾರಿ ಚಾಲಕ, ವೃತ್ತಿಪರ ಕ್ರೀಡಾಪಟು ಎರಡನೆಯದರಲ್ಲಿ. ಭೂಗತ ಗಣಿ ಕೆಲಸಗಾರರು, ಹೈಟೆನ್ಷನ್ ವಿದ್ಯುತ್ ಕೆಲಸದವರು ಮೂರನೆಯದರಲ್ಲಿ. ಭಾನುವಾರ ಸೀಟಿ ಊದುವ ದೈಹಿಕ ಶಿಕ್ಷಕರಿಗೂ ವಾರವಿಡೀ ಹಟ್ಟಿ ಚಿನ್ನದ ಗಣಿಯ ಆಳಕ್ಕಿಳಿಯುವ ಅಂಪೈರ್‌ಗೂ ಪ್ರೀಮಿಯಂ ಒಂದೇ ಇರುವುದಿಲ್ಲ. ನಾಲ್ಕು ಕಾಸು ಉಳಿಯಲಿ ಎಂದು ಗಣಿ ಕೆಲಸವನ್ನು ಮುಚ್ಚಿಟ್ಟರೆ ಪಾಲಿಸಿಯೇ ಕೈಕೊಡುತ್ತದೆ.

ಅಂಪೈರಿಂಗ್ ಹವ್ಯಾಸವಷ್ಟೇ ಎಂದು ಯಾರಾದರೂ ವಾದಿಸಿದರೆ ಒಂದು ಉತ್ತರವಿದೆ. ಆದಾಯ ತೆರಿಗೆ ಇಲಾಖೆ 2008ರಲ್ಲೇ ಅಂಪೈರ್, ರೆಫರಿಗಳ ಸೇವೆಯನ್ನು ‘ವೃತ್ತಿಪರ ಸೇವೆ’ಗಳ ಪಟ್ಟಿಗೆ ಸೇರಿಸಿದೆ. ಸಂಘಟಕರು ತೆರಿಗೆ ಕಡಿತ ಮಾಡಿ ಹಣ ಕೊಟ್ಟಿದ್ದರೆ ಆ ದಾಖಲೆ ಬಿಸಾಡಬೇಡಿ, ಆದಾಯ ತೋರಿಸಲು ಬೇಕಾಗುತ್ತದೆ.

ಎರಡನೆಯದು: ಮೈಗೆ ರಕ್ಷಣೆ

ಇಪ್ಪತ್ತು ರೂಪಾಯಿಯಿಂದ ಶುರು ಮಾಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ, ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ. ಬೆರಳು ಮುರಿದರೆ ಇದರಿಂದ ಬಿಡಿಗಾಸೂ ಬರುವುದಿಲ್ಲ, ಆಸ್ಪತ್ರೆ ಖರ್ಚೂ ಇಲ್ಲ. ಇದರ ವರ್ಷ ಮೇ 31ಕ್ಕೆ ಮುಗಿಯುತ್ತದೆ, ಅಂದರೆ ಟೂರ್ನಿಗಳ ಭರಾಟೆಯ ನಡುವೆಯೇ. ಕಂತು ಕಡಿತವಾಗುವ ಬ್ಯಾಂಕ್ ಖಾತೆಯಲ್ಲಿ ಆ ವಾರ ಹಣವಿದೆಯೇ ನೋಡಿಕೊಳ್ಳಿ.

ಇದರ ಮೇಲೆ ಒಂದು ವೈಯಕ್ತಿಕ ಅಪಘಾತ ಪಾಲಿಸಿ ಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ‘ಸರಳ ಸುರಕ್ಷಾ ಬಿಮಾ’ ಎಂಬ ಏಕರೂಪದ ಪಾಲಿಸಿ 2021ರ ಏಪ್ರಿಲ್‌ನಿಂದ ಇದೆ, ಮೊತ್ತ 2.5 ಲಕ್ಷದಿಂದ 1 ಕೋಟಿವರೆಗೆ. ಮೂಲ ಪಾಲಿಸಿ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ನಿಮಗೆ ನಿಜವಾಗಿ ಬೇಕಿರುವುದು ಹೆಚ್ಚುವರಿ ಕಂತು ಕಟ್ಟಿ ಪಡೆಯುವ ಎರಡು ಸೌಲಭ್ಯಗಳು: ತಾತ್ಕಾಲಿಕವಾಗಿ ಕೆಲಸ ಮಾಡಲಾಗದಾಗ ವಾರದ ಲೆಕ್ಕದಲ್ಲಿ ಸಿಗುವ ಹಣ, ಮತ್ತು ಅಪಘಾತದ ಆಸ್ಪತ್ರೆ ಖರ್ಚು. ಅಂಪೈರ್‌ಗಳಿಗೆ ಆಗುವ ಗಾಯಗಳೆಲ್ಲ ಬಹುಪಾಲು ಇಂಥವೇ. ಪ್ರೀಮಿಯಂ ಕಡಿಮೆ ತೋರಿಸಲು ಏಜೆಂಟರು ಮೊದಲು ಕೈಬಿಡುವುದೂ ಇವನ್ನೇ.

ಹೊರಗಿಟ್ಟ ಅಂಶಗಳ ಪುಟದಲ್ಲಿ ಅಪಾಯಕಾರಿ ಹಾಗೂ ಸಾಹಸ ಕ್ರೀಡೆಗಳ ಸಾಲು ಇರುತ್ತದೆ: ಪರ್ವತಾರೋಹಣ, ಮೋಟಾರು ರೇಸ್, ಕುದುರೆ ರೇಸ್, ಇತ್ಯಾದಿ. ಕ್ರಿಕೆಟ್, ಕಬಡ್ಡಿ ಅಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೂ ‘ಸಂಭಾವನೆ ಪಡೆದು ಪಂದ್ಯ ನಡೆಸುವಾಗ ಆದ ಗಾಯಕ್ಕೆ ಪರಿಹಾರ ಉಂಟೇ?’ ಎಂದು ಇಮೇಲ್ ಮಾಡಿ ಉತ್ತರ ತರಿಸಿಕೊಳ್ಳಿ. ಏಜೆಂಟರ ಬಾಯಿಮಾತಿಗೆ ಕ್ಲೇಮಿನಲ್ಲಿ ಬೆಲೆಯಿಲ್ಲ.

ಬಿಸಿಲಿನ ಹೊಡೆತ ಅಪಘಾತವಲ್ಲ

ರಾಯಚೂರಿನ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ಹ್ಯಾಟು ಹಾಕಿಕೊಂಡು ದಿನಕ್ಕೆ ಮೂರು ಪಂದ್ಯ ನಿಲ್ಲುವವರು ಇದನ್ನು ಎರಡು ಬಾರಿ ಓದಬೇಕು. ವಿಮೆಯ ಭಾಷೆಯಲ್ಲಿ ಅಪಘಾತವೆಂದರೆ ಹೊರಗಿನಿಂದ, ಕಣ್ಣಿಗೆ ಕಾಣುವಂತೆ, ಹಠಾತ್ತಾಗಿ, ಬಲವಾಗಿ ಬಂದೆರಗಿದ ಘಟನೆ. ಮೈದಾನದಲ್ಲಿ ಕುಸಿದುಬಿದ್ದ ಕಾರಣ ಹೃದಯಾಘಾತವಾದರೆ ಅಪಘಾತ ಪಾಲಿಸಿ ಬಾಗಿಲು ಮುಚ್ಚುತ್ತದೆ. ಬಿಸಿಲಿನ ಹೊಡೆತದ ವಿಷಯದಲ್ಲೂ ತಕರಾರು ಖಚಿತ. ಅದಕ್ಕೆ ಬೇಕಿರುವುದು ಆರೋಗ್ಯ ವಿಮೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ. ಉಳಿದವರು ಬೇರೆ ಪಾಲಿಸಿ ಮಾಡಿಸುವಾಗ ಬಿಪಿ, ಸಕ್ಕರೆ ಕಾಯಿಲೆ ಮುಚ್ಚಿಡದೆ ಹೇಳಲಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಗರಿಷ್ಠ 3 ವರ್ಷ.

ದಾರಿಯ ಅಪಾಯ

ನನ್ನ ಅಂದಾಜಿನಲ್ಲಿ ಮೈದಾನಕ್ಕಿಂತ ಹೆಚ್ಚು ಹೆದರಬೇಕಾದದ್ದು ರಾತ್ರಿ ಪಂದ್ಯ ಮುಗಿಸಿ ಬೈಕಿನಲ್ಲಿ ಊರಿಗೆ ಮರಳುವ ದಾರಿಗೆ. ವಾಹನ ವಿಮೆಯ ಜೊತೆ ಬರುವ 15 ಲಕ್ಷದ ಕಡ್ಡಾಯ ಅಪಘಾತ ರಕ್ಷಣೆ ಲೈಸೆನ್ಸ್ ಇರುವ, ಸ್ವತಃ ಓಡಿಸುತ್ತಿರುವ ಮಾಲೀಕರಿಗೆ ಮಾತ್ರ. ಹಿಂದೆ ಕೂತ ಲೆಗ್ ಅಂಪೈರ್‌ಗೆ ಆ 15 ಲಕ್ಷ ಅನ್ವಯಿಸುವುದಿಲ್ಲ. ಅವರಿಗೆ ಅವರದೇ ಅಪಘಾತ ಪಾಲಿಸಿ ಇರಲಿ.

ಬೇರೆಯವರು ಪರಿಹಾರ ಕೇಳಿದರೆ

ಇಂಗ್ಲೆಂಡಿನಲ್ಲಿ 1996ರಲ್ಲಿ ಮೇಲ್ಮನವಿ ನ್ಯಾಯಾಲಯ ರಗ್ಬಿ ರೆಫರಿಯೊಬ್ಬರ ಹೊಣೆಯನ್ನು ಎತ್ತಿಹಿಡಿಯಿತು. ಕಿರಿಯರ ಪಂದ್ಯದಲ್ಲಿ ಸ್ಕ್ರಮ್ (ಎರಡೂ ತಂಡದವರು ತಲೆ ಬಗ್ಗಿಸಿ ಹೆಗಲಿಗೆ ಹೆಗಲು ಕೊಟ್ಟು ಒತ್ತುವ ಗುಂಪು) ಮತ್ತೆ ಮತ್ತೆ ಕುಸಿದರೂ ಅವರು ಸುರಕ್ಷತಾ ನಿಯಮ ಜಾರಿ ಮಾಡಿರಲಿಲ್ಲ, ಹುಡುಗನೊಬ್ಬನ ಬೆನ್ನುಮೂಳೆಗೆ ಶಾಶ್ವತ ಪೆಟ್ಟಾಗಿತ್ತು. ಅಂಪೈರ್ ತಪ್ಪು ಎಲ್‌ಬಿಡಬ್ಲ್ಯು ಕೊಟ್ಟರು ಎಂಬುದು ಬೇರೆ ಮಾತು. ಅಂಕಣದಲ್ಲಿ ಕಲ್ಲು ಕಂಡೂ ಕಬಡ್ಡಿ ಆಡಿಸಿದ್ದು, ಗುಡುಗು ಮಿಂಚಿನಲ್ಲೂ ಆಟ ನಿಲ್ಲಿಸದಿದ್ದುದು ನಿರ್ಲಕ್ಷ್ಯದ ದಾವೆಗೆ ಆಸ್ಪದ ಕೊಡುತ್ತದೆ.

ಇದಕ್ಕೆ ವೃತ್ತಿ ಹೊಣೆಗಾರಿಕೆ ಪಾಲಿಸಿ ಎಂಬುದಿದೆ. ಅದು ಹೆಚ್ಚಾಗಿ ವೈದ್ಯರು, ಲೆಕ್ಕಪರಿಶೋಧಕರಿಗೆಂದು ಹೊಲಿದ ಅಂಗಿ. ಅಂಪೈರ್ ಅಳತೆಗೆ ಕೇಳಿಯೇ ತಿದ್ದಿಸಬೇಕು. ಒಂದು ಅವಘಡಕ್ಕೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು, ವಕೀಲರ ಖರ್ಚು ಅದರಲ್ಲಿ ಸೇರಿದೆಯೇ, ಇವು ಮೂರನ್ನು ವಿಚಾರಿಸಿ. ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ದಾವೆ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು, ಪಂದ್ಯದ ದಿನ ಇದ್ದರಷ್ಟೇ ಸಾಲದು.

ಹೋಬಳಿ ಮಟ್ಟದ ಅಂಪೈರ್‌ಗೆ ಇದು ದುಬಾರಿ ಎಂಬುದು ನನ್ನ ಅಭಿಪ್ರಾಯ. ಲಕ್ಷಗಟ್ಟಲೆ ಬಹುಮಾನ ಇಡುವ ಸಂಘಟಕರೇ ಟೂರ್ನಿಯ ದಿನಗಳಿಗೆ, ಬೇರೆಯವರಿಗೆ ಆದ ಹಾನಿಯ ಪರಿಹಾರ ಭರಿಸುವ ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ ಮಾಡಿಸಿ, ಅದರಲ್ಲಿ ಅಂಪೈರ್‌ಗಳನ್ನೂ ಹೆಸರಿಸಲಿ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯ ಪಾಲಿಸಿ ಕೊಡಲು ಬಂದರೆ ಬೇಡವೆನ್ನಿ. ಅದು ಅಪಾಯಕಾರಿ ರಾಸಾಯನಿಕ ಬಳಸುವ ಕಾರ್ಖಾನೆಗಳದ್ದು. ಜಿಲ್ಲೆಯ ಅಂಪೈರ್‌ಗಳ ನೋಂದಾಯಿತ ಸಂಘವಿದ್ದರೆ ಗುಂಪು ಅಪಘಾತ ಪಾಲಿಸಿ ಅಗ್ಗವಾಗುತ್ತದೆ. ವಿಮೆಗೆಂದೇ ಗುಂಪು ಕಟ್ಟಲು ನಿಯಮ ಒಪ್ಪುವುದಿಲ್ಲ.

ಕಾಗದ ಪತ್ರ, ಕ್ಲೇಮು

ಕಂತು ಕಂಪನಿಗೆ ತಲುಪದೆ ವಿಮೆ ಶುರುವಾಗದು, ಇದು ಕಾನೂನು. ‘ನಾಳೆ ಕಟ್ಟುತ್ತೇನೆ, ನೀವು ಆಡಿಸಿ’ ಎನ್ನುವ ಏಜೆಂಟರನ್ನು ನಂಬಿ ಮೈದಾನಕ್ಕಿಳಿಯಬೇಡಿ. ಪಂದ್ಯಕ್ಕೆ ಕರೆಯುವವರು ಫೋನಿನಲ್ಲಿ ಹೇಳಿ ಮುಗಿಸುತ್ತಾರೆ. ದಿನಾಂಕ, ಮೈದಾನ, ಸಂಭಾವನೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಂತೆ ಕೇಳಿ. ಪಂದ್ಯ ಮುಗಿದ ಮೇಲೆ ನಿಮ್ಮ ಸಹಿ ಇರುವ ಸ್ಕೋರ್ ಶೀಟ್‌ನ ಫೋಟೊ ತೆಗೆಯಿರಿ. ಆ ದಿನ ನೀವು ಅಂಪೈರ್ ಆಗಿದ್ದಿರಿ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಹಳ್ಳಿ ಟೂರ್ನಿಯಲ್ಲಿ ಸಿಗದು.

ಗಾಯವಾದರೆ ರಾಯಚೂರಿನ ರಿಮ್ಸ್ ಆಸ್ಪತ್ರೆ ಇರಲಿ, ತಾಲ್ಲೂಕು ಆಸ್ಪತ್ರೆ ಇರಲಿ, ಹೊರರೋಗಿ ಚೀಟಿಯಲ್ಲಿ ‘ಪಂದ್ಯದ ವೇಳೆ ಗಾಯ’ ಎಂದು ಬರೆಯಿಸಿ. ‘ಮನೆಯಲ್ಲಿ ಜಾರಿ ಬಿದ್ದೆ’ ಎಂದು ಒಂದು ಕಡೆ, ಮೈದಾನದಲ್ಲಿ ಎಂದು ಇನ್ನೊಂದು ಕಡೆ ಇದ್ದರೆ ಕ್ಲೇಮು ಕೆಡುತ್ತದೆ. ಹಲ್ಲೆಯಾಗಿದ್ದರೆ ವೈದ್ಯಕೀಯ-ಕಾನೂನು ಪ್ರಕರಣವೆಂದು ದಾಖಲಿಸಿ ಪೊಲೀಸರಿಗೆ ದೂರು ಕೊಡಿ. ಊರ ಹಿರಿಯರು ಕೂತು ರಾಜಿ ಮಾಡಿಸುವ ರೂಢಿ ನಮ್ಮಲ್ಲಿದೆ, ಮಾಡಿಸಲಿ. ಎಫ್‌ಐಆರ್ ಇಲ್ಲದ ಹಲ್ಲೆ ಕ್ಲೇಮು ನಿಲ್ಲುವುದು ಕಷ್ಟ. ಕಂಪನಿಗೆ ಸುದ್ದಿ ಮುಟ್ಟಿಸಲು ಪಾಲಿಸಿಯಲ್ಲಿ ಹೇಳಿದ ಗಡುವು ಮೀರಬೇಡಿ.

ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರನ್ನು ಹಿಡಿಯುವ ಅಗತ್ಯವೂ ಇಲ್ಲ. 50 ಲಕ್ಷದವರೆಗಿನ ಪರಿಹಾರ ಅಲ್ಲಿ ತೀರ್ಮಾನವಾಗುತ್ತದೆ. ದೂರನ್ನು ಅಂಚೆಯಲ್ಲೋ ಆನ್‌ಲೈನ್‌ನಲ್ಲೋ ಸಲ್ಲಿಸಬಹುದು. ವಿಡಿಯೊ ಮೂಲಕ ವಿಚಾರಣೆ ನಡೆಸಲೂ ಅವಕಾಶವಿದೆ, ಕೇಳಿ ನೋಡಿ.