ತಗಡಿನ ದಪ್ಪ ಬರೆಯದ ಟೆಂಡರ್: ಖರೀದಿ ವಿಭಾಗದಲ್ಲಿ ನನ್ನ ಅನುಭವ

ತುಮಕೂರಿನಲ್ಲಿರುವ ಕೇಂದ್ರ ಸರ್ಕಾರದ ಕಚೇರಿಯೊಂದರ ಖರೀದಿ ವಿಭಾಗವನ್ನು ನಾನು ವಹಿಸಿಕೊಂಡಾಗ, ಸರ್ಕಾರಿ ಕಚೇರಿಗಳು ಆನ್‌ಲೈನ್‌ನಲ್ಲಿ ವಸ್ತು ಕೊಳ್ಳುವ ಜೆಮ್ ಪೋರ್ಟಲ್ ಬಂದು ಕೆಲವು ವರ್ಷಗಳಾಗಿದ್ದವು. ಅದು ಆರಂಭವಾದದ್ದು 2016ರ ಆಗಸ್ಟ್‌ನಲ್ಲಿ. ಅಲ್ಲಿ ಸಿಗುವ ವಸ್ತುವನ್ನು ಅಲ್ಲಿಯೇ ಕೊಳ್ಳಬೇಕೆಂದು 2017ರ ಸಾಮಾನ್ಯ ಹಣಕಾಸು ನಿಯಮಗಳ 149ನೇ ನಿಯಮ ಕಡ್ಡಾಯ ಮಾಡಿತ್ತು. ಖರೀದಿ ಆನ್‌ಲೈನ್ ಆದ ಮೇಲೆ ದೂರುಗಳು ತಾವಾಗಿಯೇ ನಿಲ್ಲುತ್ತವೆ ಎಂದು ನಾನೂ ನಂಬಿದ್ದೆ. ಆ ನಂಬಿಕೆ ಸುಳ್ಳಾದದ್ದು ಕಡತ ಇಡಲು ತರಿಸಿದ ಕಬ್ಬಿಣದ ಬೀರುಗಳಿಂದ.

ಮೊದಲ ವರ್ಷದ ಮಾರ್ಚ್‌ನಲ್ಲಿ, ಅನುದಾನ ಲ್ಯಾಪ್ಸ್ ಆಗುತ್ತದೆಂಬ ಆತಂಕದಲ್ಲಿ, ಎಲ್ಲ ಶಾಖೆಗಳ ಬೇಡಿಕೆಯನ್ನು ಒಂದೇ ವಾರದಲ್ಲಿ ಒಟ್ಟು ಮಾಡಿ ಬಿಡ್ ಕರೆದೆವು. ಎತ್ತರ, ಅಗಲ, ಬಣ್ಣ ಮತ್ತು 'ಉತ್ತಮ ಗುಣಮಟ್ಟ' ಎಂಬ ಎರಡು ಪದಗಳನ್ನು ಬಿಟ್ಟರೆ ನಿರ್ದಿಷ್ಟತೆಯಲ್ಲಿ ಮತ್ತೇನೂ ಇರಲಿಲ್ಲ. ಕಡಿಮೆ ದರದವರಿಗೆ ಆದೇಶ ಹೋಯಿತು, ಮಾಲು ಬಂತು, ಬಿಲ್ಲೂ ಪಾಸಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕಡತಗಳ ಭಾರಕ್ಕೆ ಶೆಲ್ಫ್‌ಗಳು ನಡುವೆ ಬಾಗಿ, ಚೌಕಟ್ಟು ವಾರೆಯಾಗಿ, ಬಾಗಿಲುಗಳು ಮುಚ್ಚದಂತಾದವು. ಉಗ್ರಾಣದವರು ಹಿಡಿಗಳಿಗೆ ಹಗ್ಗ ಸುತ್ತಿ ಕಟ್ಟಿದ್ದನ್ನು ನೋಡಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ಎಲ್ಲರೂ 'ಎಲ್ ಒನ್ ಪದ್ಧತಿಯೇ ಹೀಗೆ' ಎಂದರು; ಅಂದರೆ ಅತಿ ಕಡಿಮೆ ದರ ಹೇಳಿದವರಿಗೇ ಆದೇಶ ಕೊಡುವ ಪದ್ಧತಿ. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಬಿಡ್‌ನಲ್ಲಿ ಸೋತಿದ್ದ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರ ಮಾಲೀಕರನ್ನು, ಆಗ ಯಾವ ಖರೀದಿಯೂ ಬಾಕಿ ಇಲ್ಲದಿದ್ದ ಸಮಯ ನೋಡಿ, ಕಾರಣ ಕೇಳಿದೆ. ಅವರು ಎರಡು ತಗಡಿನ ತುಂಡುಗಳನ್ನು ಮೇಜಿನ ಮೇಲಿಟ್ಟರು. ಒಂದು 20 ಗೇಜ್, ದಪ್ಪ ಸುಮಾರು 0.9 ಮಿಲಿಮೀಟರ್, ಇನ್ನೊಂದು 22 ಗೇಜ್, ಸುಮಾರು 0.7. ಬಣ್ಣ ಬಳಿದ ಮೇಲೆ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. "ದಪ್ಪ ಎಷ್ಟಿರಬೇಕು ಅಂತ ನೀವೇ ಬರೆದಿಲ್ಲ ಸಾರ್. ನಾನು ಇಪ್ಪತ್ತು ಗೇಜ್ ಲೆಕ್ಕ ಹಾಕಿ ರೇಟ್ ಕೊಟ್ಟರೆ ನನಗೆ ಆರ್ಡರ್ ಎಲ್ಲಿಂದ ಬರುತ್ತೆ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಗತ್ಯಕ್ಕೆ ತಕ್ಕಂತೆ ಗುಣಮಟ್ಟವನ್ನೂ ಪ್ರಮಾಣವನ್ನೂ ಸ್ಪಷ್ಟವಾಗಿ ಬರೆಯಬೇಕು, ಅನಗತ್ಯ ವಿಶೇಷಗಳನ್ನು ಸೇರಿಸಬಾರದು ಎಂದು ಅದೇ ಹಣಕಾಸು ನಿಯಮಗಳ 144ನೇ ನಿಯಮ ಮೊದಲಿನಿಂದಲೂ ಹೇಳುತ್ತಲೇ ಇದೆ. ಆ ನಿಯಮವನ್ನು ಪ್ರತಿ ಟಿಪ್ಪಣಿಯಲ್ಲೂ ಉಲ್ಲೇಖಿಸುತ್ತಿದ್ದೆವು, ಪಾಲಿಸುತ್ತಿರಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿಯೇ ಶಾಖೆಗಳಿಂದ ವರ್ಷದ ಬೇಡಿಕೆ ಪಟ್ಟಿ ತರಿಸಿದೆ. ಕೊನೆಯ ತ್ರೈಮಾಸಿಕದಲ್ಲಿ ಶೇ. 33ಕ್ಕಿಂತ, ಮಾರ್ಚ್ ಒಂದರಲ್ಲೇ ಶೇ. 15ಕ್ಕಿಂತ ಹೆಚ್ಚು ಖರ್ಚು ಮಾಡಬಾರದೆಂಬ ಹಣಕಾಸು ಸಚಿವಾಲಯದ ಮಿತಿ ನನ್ನ ಕೈ ಬಲಪಡಿಸಿತು. ಪಟ್ಟಿ ಮೊದಲೇ ಸಿಕ್ಕಿದ್ದರಿಂದ ಒಂದೇ ಬಗೆಯ ವಸ್ತುಗಳನ್ನು ಒಟ್ಟಿಗೆ ಕೊಳ್ಳುವುದು ಸಾಧ್ಯವಾಯಿತು; ಮೇಲಧಿಕಾರಿಯ ಮಂಜೂರಾತಿ ತಪ್ಪಿಸಲು ಬೇಡಿಕೆಯನ್ನು ತುಂಡು ಮಾಡುವ ಹಳೆಯ ಚಾಳಿಗೂ ಆಸ್ಪದವಿಲ್ಲದಂತಾಯಿತು. 157ನೇ ನಿಯಮ ಅದನ್ನು ನಿಷೇಧಿಸಿಯೇ ಇದೆ.

ನಿರ್ದಿಷ್ಟತೆ ಬರೆಯಲು ಬೀರು ಬಳಸುವವರನ್ನೇ ಕೂರಿಸಿಕೊಂಡೆ. ಒಂದು ಶೆಲ್ಫ್ ತುಂಬ ಕಡತ ಜೋಡಿಸಿ, ಕಟ್ಟು ಕಟ್ಟಾಗಿ ತಕ್ಕಡಿಯಲ್ಲಿ ತೂಗಿ, ಶೆಲ್ಫ್ ಹೊರಬೇಕಾದ ಭಾರವನ್ನು ಕಿಲೋ ಲೆಕ್ಕದಲ್ಲಿ ಬರೆದೆವು. ತಗಡಿನ ದಪ್ಪವನ್ನು ಬಣ್ಣ ಕೆರೆದ ಜಾಗದಲ್ಲಿ ಮೈಕ್ರೋಮೀಟರ್ ಹಿಡಿದು ಅಳೆಯಲಾಗುವುದು ಎಂದೂ ಷರತ್ತಿನಲ್ಲಿ ಸೇರಿಸಿದೆವು, ಏಕೆಂದರೆ ಬಣ್ಣದ ಪದರವೂ ದಪ್ಪದ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದರೆ ಇಲ್ಲಿ ಎದುರು ದಿಕ್ಕಿನ ತಪ್ಪಿಗೂ ದಾರಿಯಿದೆ: ಒಂದು ಶಾಖೆಯವರು ಕಂಪನಿಯೊಂದರ ಕ್ಯಾಟಲಾಗನ್ನು ಅಕ್ಷರಶಃ ನಕಲು ಮಾಡಿ ತಂದಿದ್ದರು. ಅದರಂತೆ ಹೋಗಿದ್ದರೆ ಒಬ್ಬರೇ ಅರ್ಹರಾಗುತ್ತಿದ್ದರು. ಶಾಖೆಯವರಿಗೆ ಬೇಸರವಾದರೂ ನಾನು ಅದನ್ನು ವಾಪಸು ಕಳಿಸಿದೆ.

ಹಣ ಪಾವತಿಯ ವಿಷಯದಲ್ಲಿ ನಾನು ಹೆಚ್ಚು ಹಟ ಹಿಡಿದೆ. ಮಾಲು ಬಂದ ಮೇಲೆ ಸ್ವೀಕೃತಿ ಪ್ರಮಾಣಪತ್ರಕ್ಕೆ 10 ದಿನ, ಅದಾದ ಮೇಲೆ ಪಾವತಿಗೆ 10 ದಿನ ಎಂಬುದು ಜೆಮ್‌ನ ಕ್ರಮ; ಸಣ್ಣ ಉದ್ದಿಮೆಗಳಿಗೆ 45 ದಿನ ಮೀರಬಾರದೆಂದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ 2006ರ ಕಾಯ್ದೆಯೇ ಹೇಳುತ್ತದೆ. ನಮ್ಮಲ್ಲಿ ತಪಾಸಣೆ ಮಾಡಬೇಕಾದವರು ರಜೆಯಲ್ಲಿದ್ದಾರೆಂಬ ಕಾರಣಕ್ಕೇ ವಾರಗಳು ಉರುಳುತ್ತಿದ್ದವು. ಇಬ್ಬರನ್ನು ನೇಮಿಸಿ, ಒಬ್ಬರಿಲ್ಲದಾಗ ಇನ್ನೊಬ್ಬರು ಸಹಿ ಮಾಡುವಂತೆ ಆದೇಶ ಹೊರಡಿಸಿದೆ. ಸಣ್ಣ ತಯಾರಕರು ಸರ್ಕಾರಿ ಆದೇಶಕ್ಕೆ ಹೆದರುವುದು ದರಕ್ಕಲ್ಲ, ಈ ಕಾಯುವಿಕೆಗೆ. ಕಾಯುವ ಬಡ್ಡಿಯನ್ನು ಅವರು ದರದಲ್ಲೇ ಸೇರಿಸುತ್ತಾರೆ.

ಕರ್ನಾಟಕದ ಇಲಾಖೆಗಳ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆಯಿದೆ, ಸೋತ ಬಿಡ್‌ದಾರರಿಗೆ ಮೇಲ್ಮನವಿಯ ಹಕ್ಕೂ ಇದೆ. ಕೇಂದ್ರದಲ್ಲಿ 2012ರಲ್ಲಿ ಮಂಡನೆಯಾದ ಸಾರ್ವಜನಿಕ ಖರೀದಿ ಮಸೂದೆ ಕಾಯ್ದೆಯಾಗದೆ ಬಿದ್ದುಹೋಯಿತು. ಅಂಥ ಹಕ್ಕು ಕಾನೂನಿನಲ್ಲೇ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ. ಸದ್ಯಕ್ಕೆ ನಮ್ಮ ಕಚೇರಿಯಲ್ಲಿ, ತಾಂತ್ರಿಕವಾಗಿ ತಿರಸ್ಕೃತರಾದ ಪ್ರತಿಯೊಬ್ಬರಿಗೂ ಯಾವ ಷರತ್ತು, ಯಾವ ದಾಖಲೆ ಎಂದು ಬಿಡಿಸಿ ಕಾರಣ ಬರೆಯುವ ರೂಢಿ ಮಾಡಿಕೊಂಡಿದ್ದೇವೆ.

ಎರಡನೆಯ ಸಲ ಬೀರುಗಳು ಬಂದಾಗ ಒಂದರ ಹಿಂಬದಿಯಲ್ಲಿ ನಾನೇ ಬಣ್ಣ ಕೆರೆದು ಅಳೆದೆ: 0.91 ಮಿಲಿಮೀಟರ್. ಪ್ರತಿ ಬೀರುವಿಗೆ ತೆತ್ತ ದರ ಹಿಂದಿನದಕ್ಕಿಂತ ಹೆಚ್ಚಾಗಿತ್ತು, ಆಡಿಟ್‌ನವರು ಏಕೆಂದು ಕೇಳಿದರು. ತೂಗಿದ ಕಡತಗಳ ಲೆಕ್ಕವನ್ನೂ, ಹಗ್ಗ ಕಟ್ಟಿದ ಹಳೆಯ ಬೀರುಗಳ ಚಿತ್ರಗಳನ್ನೂ ಕಡತದಲ್ಲಿ ತೋರಿಸಿದೆ, ಆಕ್ಷೇಪಣೆ ಬರೆಯಲಿಲ್ಲ.