ಮಿನಿ ಟ್ರ್ಯಾಕ್ಟರಿಗೆ ಟೈರ್ ಸೈಜ್: ಅಂಗಡಿಗೆ ಹೋಗುವ ಮೊದಲು ಅಳೆಯಬೇಕಾದ್ದು

ಹಿಂದಿನ ಟೈರ್ ಸವೆದಾಗ ಎಲ್ಲರ ಬಾಯಲ್ಲೂ ಬರುವ ಸಲಹೆ ಒಂದೇ: 'ಈ ಸಲ ಒಂದು ಸೈಜ್ ದೊಡ್ಡದು ಹಾಕಿಸಿಬಿಡಿ, ಹಿಡಿತ ಚೆನ್ನಾಗಿರುತ್ತೆ.' ಟೂ ವೀಲ್ ಡ್ರೈವ್ ಗಾಡಿಯಾದರೆ ಇದು ಕೆಲವೊಮ್ಮೆ ನಡೆದೀತು. ಫೋರ್ ವೀಲ್ ಡ್ರೈವ್ ಆದರೆ ಬೇಡ. ಮುಂದಿನ ಟೈರ್ ಹಾಗೇ ಬಿಟ್ಟು ಹಿಂದಿನದನ್ನಷ್ಟೇ ದೊಡ್ಡದು ಮಾಡಿದರೆ ಮುಂದಿನ ಗಾಲಿಗಳು ಎಳೆಯುವುದು ಬಿಟ್ಟು ಬ್ರೇಕ್ ಹಿಡಿದಂತೆ ಅಡ್ಡಗಾಲು ಹಾಕುತ್ತವೆ. ಯಾಕೆ ಹೀಗೆ ಎಂಬುದನ್ನು ಮುಂದೆ ಲೆಕ್ಕ ಹಾಕಿಯೇ ನೋಡೋಣ.

ಮೊದಲು ಟೈರಿನ ಮೇಲಿನ ಬರಹ. 8.3-24 ಎಂದಿದ್ದರೆ ಟೈರಿನ ಅಗಲ ಸುಮಾರು 8.3 ಇಂಚು, ಅದು ಕೂರುವ ರಿಮ್ಮಿನ ವ್ಯಾಸ 24 ಇಂಚು. ನಡುವೆ ಅಡ್ಡಗೆರೆ ಇದ್ದರೆ ಸಾದಾ ನೈಲಾನ್ ಟೈರ್, ಆರ್ ಅಕ್ಷರ ಇದ್ದರೆ ರೇಡಿಯಲ್. ರೇಡಿಯಲ್ ಟೈರಿನಲ್ಲಿ ಮಿಲಿಮೀಟರ್ ಲೆಕ್ಕವೂ ಕಾಣುತ್ತದೆ: 210/95 ಆರ್24 ಅಂದರೆ 8.3-24ರ ಜಾಗಕ್ಕೆ, 250/85 ಆರ್24 ಅಂದರೆ 9.5-24ರ ಜಾಗಕ್ಕೆ. ಒಂದೇ ಆಕ್ಸಲ್ಲಿನಲ್ಲಿ ಒಂದು ಕಡೆ ನೈಲಾನ್, ಇನ್ನೊಂದು ಕಡೆ ರೇಡಿಯಲ್ ಹಾಕಬಾರದು. ನಮ್ಮಲ್ಲಿ 15ರಿಂದ 20 ಎಚ್‌ಪಿಯ ಗಾಡಿಗಳಿಗೆ ಹೆಚ್ಚಾಗಿ ಹಿಂದೆ 8.00-18, ಮುಂದೆ 5.20-14 ಅಥವಾ 5.00-12 ಬರುತ್ತದೆ. 24 ಎಚ್‌ಪಿ ದಾಟಿದರೆ ಹಿಂದೆ 8.3-20, 8.3-24, 9.5-24 ಇವುಗಳಲ್ಲೊಂದು. ಸವೆದ ಟೈರಿನ ಮೇಲೆ ಇದ್ದುದೇ ಕಂಪನಿ ಸೈಜ್ ಎಂದು ನಂಬಬೇಡಿ, ಹಿಂದಿನ ಮಾಲೀಕ ಬದಲಿಸಿರಬಹುದು. ಗಾಡಿಯ ಪುಸ್ತಕ ನೋಡಿ.

ಎರಡನೆಯದು ನಿಮ್ಮ ಬೆಳೆಯ ಸಾಲು. ಹಿಂದಿನ ಎರಡು ಟೈರುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಇರುವ ದೂರವೇ ಟ್ರ್ಯಾಕ್. ಅದು 36 ಇಂಚು, ಟೈರ್ 8.3 ಆಗಿದ್ದರೆ ಗಾಡಿಯ ಹಿಂಭಾಗದ ಒಟ್ಟು ಅಗಲ 44.3 ಇಂಚು. 4 ಅಡಿ ಸಾಲಿನ ಕಬ್ಬಿನ ನಡುವೆ ಹೋದರೆ ಎರಡೂ ಬದಿ ಎರಡು ಇಂಚೂ ಉಳಿಯುವುದಿಲ್ಲ, ಮರಿಗಬ್ಬು ತುಳಿಯುವುದು ಖಂಡಿತ. 5 ಅಡಿ ಸಾಲಾದರೆ ಬದಿಗೆ ಏಳೂಮುಕ್ಕಾಲು ಇಂಚು ಸಿಗುತ್ತದೆ, ಆರಾಮ. 3 ಅಡಿ ಸಾಲಿನ ಹತ್ತಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಗಾಡಿ ಸಾಲಿನ ಮೇಲೆ ನಿಂತು ಓಡುತ್ತದೆ, ಹಾಗಾಗಿ ಟ್ರ್ಯಾಕ್ ಸರಿಯಾಗಿ 36 ಇಂಚೇ ಇರಬೇಕು, ಟೈರ್ ಕಿರಿದಾದಷ್ಟೂ ಒಳ್ಳೆಯದು. ಅನೇಕ ಗಾಡಿಗಳಲ್ಲಿ ಡಿಸ್ಕ್ ತಿರುಗಿಸಿ, ಇಲ್ಲವೇ ಎಡಬಲ ಗಾಲಿ ಅದಲುಬದಲು ಮಾಡಿ ಟ್ರ್ಯಾಕ್ ಹೆಚ್ಚುಕಡಿಮೆ ಮಾಡಬಹುದು. ಹೊಸ ಸೈಜ್ ಕೊಳ್ಳುವ ಮೊದಲು ಅದನ್ನು ನೋಡಿ, ಬಹಳ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. 9 ಅಡಿ ಅಂತರದ ಅಡಿಕೆ ತೋಟದಲ್ಲಿ ಅಗಲದ ಚಿಂತೆಯಿಲ್ಲ. ಅಲ್ಲಿ ಬೇರು ಮೇಲುಮೇಲಕ್ಕೇ ಇರುವುದರಿಂದ ಅಗಲ ಟೈರ್, ಕಡಿಮೆ ಗಾಳಿ ಒಳ್ಳೆಯದು.

ರಿಮ್ ವಿಷಯ ಚಿಕ್ಕದು, ಆದರೆ ತಪ್ಪು ಹೆಚ್ಚು ಆಗುವುದು ಇಲ್ಲೇ. ವ್ಯಾಸ ಹೊಂದಿದರೆ ಸಾಲದು, ಅಗಲವೂ ಹೊಂದಬೇಕು. ರಿಮ್ಮಿನ ಎರಡು ಅಂಚುಗಳ ಒಳಮೈಯಿಂದ ಒಳಮೈಗೆ ಅಳೆಯಿರಿ. 8.3-24ಕ್ಕೆ 7 ಇಂಚಿನ ರಿಮ್, 9.5-24ಕ್ಕೆ 8 ಇಂಚು, 11.2-24ಕ್ಕೆ 10 ಇಂಚು. 7 ಇಂಚಿನ ರಿಮ್ಮಿಗೆ 11.2 ತುರುಕಿದರೆ ಟೈರ್ ನಡುವೆ ಉಬ್ಬುತ್ತದೆ, ನಡುಭಾಗ ಮಾತ್ರ ನೆಲ ಮುಟ್ಟಿ ಬೇಗ ಸವೆಯುತ್ತದೆ. ಕೊಟ್ಟ ದುಡ್ಡಿನ ಅಗಲ ನೆಲಕ್ಕೆ ಸಿಗುವುದೇ ಇಲ್ಲ.

ಈಗ ಫೋರ್ ವೀಲ್ ಲೆಕ್ಕ. ಮುಂದಿನ ಮತ್ತು ಹಿಂದಿನ ಆಕ್ಸಲ್ ಒಳಗೊಳಗೇ ಗೇರಿನಿಂದ ಜೋಡಿಕೊಂಡಿವೆ. ಮುಂದಿನ ಟೈರ್ ಹಿಂದಿನದಕ್ಕಿಂತ ಶೇ 1ರಿಂದ 5ರಷ್ಟು ಮುಂದೋಡುವಂತೆ ಸೈಜ್ ಹೊಂದಿಸಿರುತ್ತಾರೆ. ನಿಮ್ಮ ಗಾಡಿಯಲ್ಲಿ ಅದೆಷ್ಟಿದೆ ಎಂದು ತಿಳಿಯಲು ಸುಣ್ಣದ ಕಡ್ಡಿ ಮತ್ತು ಇಬ್ಬರು ಸಾಕು:

1. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಾಕಿ. ಸಮತಟ್ಟಾದ ಗಟ್ಟಿ ಮಣ್ಣಿನ ಜಾಗ ಬೇಕು, ಕಾಂಕ್ರೀಟ್ ಬೇಡ.
2. ಒಂದೇ ಬದಿಯ ಮುಂದಿನ, ಹಿಂದಿನ ಟೈರಿನಲ್ಲಿ ನೆಲ ಮುಟ್ಟುವ ಕಡೆ ಗೆರೆ ಎಳೆಯಿರಿ.
3. ಫೋರ್ ವೀಲ್ ಹಾಕಿ, ಅತಿ ಕಡಿಮೆ ಗೇರಿನಲ್ಲಿ ನೇರ ಓಡಿಸಿ. ಹಿಂದಿನ ಗಾಲಿ 10 ಸುತ್ತು ತಿರುಗುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತು ತಿರುಗಿತು ಎಣಿಸಿ. ಅರೆಬರೆ ಸುತ್ತಿಗೆ ಟೈರಿನ ಹಲ್ಲು ಎಣಿಸಿ. ಒಂದು ಬದಿಯಲ್ಲಿ 20 ಹಲ್ಲಿದ್ದು 12 ದಾಟಿದ್ದರೆ ಅದು 0.6 ಸುತ್ತು.
4. ಫೋರ್ ವೀಲ್ ತೆಗೆದು ಅದೇ ಜಾಗದಲ್ಲಿ ಮತ್ತೆ ಓಡಿಸಿ ಎಣಿಸಿ.

ಹಾಕಿದಾಗ 15.6, ತೆಗೆದಾಗ 15.1 ಬಂತು ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.5, ಅದನ್ನು 15.1ರಿಂದ ಭಾಗಿಸಿದರೆ ಶೇ 3.3. ಚೆನ್ನಾಗಿದೆ. ಈಗ ಹಿಂದೆ 8.3-24 ತೆಗೆದು 9.5-24 ಹಾಕಿ. ವ್ಯಾಸ ಎರಡು ಇಂಚಿನಷ್ಟು, ಅಂದರೆ ಸುಮಾರು ಶೇ 5 ಹೆಚ್ಚುತ್ತದೆ. ಹಿಂದಿನ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ತೆಗೆದಾಗಿನ ಎಣಿಕೆ ಸುಮಾರು 15.9 ಆಗುತ್ತದೆ. ಗೇರ್ ಬದಲಾಗಿಲ್ಲವಲ್ಲ, ಹಾಕಿದಾಗ ಅದೇ 15.6. ಅಂದರೆ ನೆಲ ಓಡುವಷ್ಟು ವೇಗವಾಗಿ ಮುಂದಿನ ಗಾಲಿ ತಿರುಗುತ್ತಿಲ್ಲ, ಹಿಂದಿನವು ಅದನ್ನು ನೂಕಿಕೊಂಡು ಹೋಗುತ್ತಿವೆ. ಡೀಸೆಲ್ ಖರ್ಚು ಹೆಚ್ಚು, ಎಳೆತ ಕಡಿಮೆ. ತದ್ವಿರುದ್ಧವಾಗಿ ಶೇ 5 ಬಹಳ ಮೀರಿದರೆ ಮುಂದಿನ ಟೈರಿನ ಹಲ್ಲು ಬೇಗ ತೇಯುತ್ತದೆ, ಗಟ್ಟಿ ನೆಲದಲ್ಲಿ ಫೋರ್ ವೀಲ್ ಲಿವರ್ ಬಿಗಿದುಕೊಂಡು ಹೊರಬರಲು ತಕರಾರು ಮಾಡುತ್ತದೆ. ಲಿವರ್ ಹಾಗೆ ಹಟ ಹಿಡಿದರೆ ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಟೈರ್ ನೋಡಿ.

ಸೈಜ್ ಬದಲಿಸದಿದ್ದರೂ ಇದು ಕಾಡುತ್ತದೆ. ಹಲ್ಲು ಒಂದು ಇಂಚು ಸವೆದರೆ ವ್ಯಾಸದಲ್ಲಿ ಎರಡು ಇಂಚು ಹೋದಂತೆ. ಮುಂದೆ ಬೋಳು ಟೈರ್ ಉಳಿಸಿಕೊಂಡು ಹಿಂದೆ ಹೊಸದು ಹಾಕಿಸಿದರೆ ಫಲ ಮೇಲಿನಂತೆಯೇ. ನಾಲ್ಕನ್ನೂ ಒಟ್ಟಿಗೆ ಬದಲಿಸಲು ಆಗದಿದ್ದರೆ ಮೇಲಿನ ಎಣಿಕೆ ಮಾಡಿ, ಎಷ್ಟು ತಡೆಯುತ್ತದೆ ನೋಡಿ.

ದೊಡ್ಡ ಸೈಜಿಗೆ ಮನಸ್ಸು ಗಟ್ಟಿಯಾಗಿದ್ದರೆ ಜಾಗ ನೋಡಿ. ಮಡ್‌ಗಾರ್ಡಿಗೂ ಟೈರಿಗೂ ಕನಿಷ್ಠ ಎರಡು ಇಂಚು ಬಿಡಬೇಕು. ಎರೆಮಣ್ಣು ಅಂಟಿದಾಗ ಆ ಎರಡು ಇಂಚೂ ತುಂಬಿಹೋಗುತ್ತದೆ. ಹಿಂದೆ ಸಲಕರಣೆ ಹಿಡಿಯುವ ಲಿಂಕಿನ ಚೈನ್ ಟೈರಿನ ಒಳಗೋಡೆಗೆ ಉಜ್ಜುತ್ತದೆಯೇ ಎಂದು ರೋಟವೇಟರ್ ಎತ್ತಿ, ಇಳಿಸಿ ನೋಡಿ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ.

ಹಲ್ಲಿನ ಮಾದರಿ: ಒಣ ಬೇಸಾಯಕ್ಕೂ ತೋಟಕ್ಕೂ ಆರ್-1 (ಇದು ಹಲ್ಲಿನ ಗುರುತು, ರೇಡಿಯಲ್‌ನ ಆರ್ ಅಲ್ಲ), ಸದಾ ಕೆಸರುಗದ್ದೆಯಲ್ಲಿ ಇಳಿಯುವ ಗಾಡಿಗೆ ಎತ್ತರದ ಹಲ್ಲಿನ ಆರ್-2. ಆರ್-2 ಹಾಕಿ ಡಾಂಬರು ರಸ್ತೆಯಲ್ಲಿ ಟ್ರೈಲರ್ ಎಳೆದರೆ ಟೈರ್ ಕರಗಿದಂತೆ ಸವೆಯುತ್ತದೆ. ಟ್ರೈಲರ್ ಕೆಲಸ ಹೆಚ್ಚಿದ್ದರೆ 6 ಪ್ಲೈ (ಟೈರಿನ ಗಟ್ಟಿತನದ ಅಳತೆ) ಬದಲು 8 ಪ್ಲೈ ತೆಗೆದುಕೊಳ್ಳಿ. ಅದು ಭಾರ ತಡೆಯುತ್ತದೆ, ಜಾಲಿಮುಳ್ಳನ್ನಲ್ಲ.

ಹಿಡಿತವೇ ಸಮಸ್ಯೆಯಾಗಿದ್ದರೆ ಸೈಜಿಗಿಂತ ಅಗ್ಗದ ದಾರಿ ನೀರು. ವಾಲ್ವ್ ಮೇಲಕ್ಕೆ ಬರುವಂತೆ ಗಾಲಿ ನಿಲ್ಲಿಸಿ, ವಾಲ್ವ್ ಮಟ್ಟದವರೆಗೆ ನೀರು ತುಂಬಿದರೆ ಟ್ಯೂಬಿನ ಮುಕ್ಕಾಲು ಭಾಗ ತುಂಬಿದಂತೆ. 8.3-24ಕ್ಕೆ ಸುಮಾರು 60 ಲೀಟರ್ ಹಿಡಿಯುತ್ತದೆ, ಗಾಲಿಗೆ 60 ಕೆಜಿ ಭಾರ ಸಿಕ್ಕಿತು. ಉಳಿದ ಕಾಲು ಭಾಗಕ್ಕೆ ಗಾಳಿ.

ಕೂರಿಸುವಾಗ ಬದಿಯ ಬಾಣದ ಗುರುತು ಮುಂದಕ್ಕೆ ತಿರುಗುವ ದಿಕ್ಕಿಗಿರಲಿ. ಗಾಡಿಯ ಹಿಂದೆ ನಿಂತು ನೋಡಿದರೆ ಹಲ್ಲುಗಳ ಚೂಪು ಮೇಲ್ಮುಖವಾಗಿ, ಮನೆಯ ಸೂರಿನಂತೆ ಕಾಣಬೇಕು. ತಲೆಕೆಳಗಾಗಿ ಕಂಡರೆ ಟೈರ್ ಉಲ್ಟಾ ಕೂತಿದೆ, ಹಲ್ಲಿನ ಸಂದಿಯ ಮಣ್ಣು ಉದುರುವುದಿಲ್ಲ. ಮೊದಲ ದಿನದ ಕೆಲಸ ಮುಗಿದ ಮೇಲೆ ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ಮತ್ತೆ ಬಿಗಿ ಮಾಡಿ.