ಪಾಠಕ್ಕೊಂದು ಕಥೆ ಕಟ್ಟಿ, ಬೀಗ ಹಾಕದೆ ಹಂಚಿ

ಪರಾಗಸ್ಪರ್ಶದ ಬಗ್ಗೆ ನಾನು ಮೊದಲು ಮಾಡಿದ ಪಾಠ 18 ಪುಟಗಳ ಪಿಡಿಎಫ್. ವ್ಯಾಖ್ಯೆ, ವಿಧಗಳು, ಚಿತ್ರ, ಪ್ರಶ್ನೆ ಎಲ್ಲವೂ ಇತ್ತು. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಹನ್ನೊಂದು ಹೆಬ್ಬೆರಳು ಬಂದವು. ಏಳನೇ ಪುಟ ತಲೆಕೆಳಗಾಗಿ ಸ್ಕ್ಯಾನ್ ಆಗಿದ್ದನ್ನು ಮಾತ್ರ ಯಾರೂ ಹೇಳಲಿಲ್ಲ.

ಮುಂದಿನ ಮಾರ್ಚ್‌ನಲ್ಲಿ ಚಿಕ್ಕಮಗಳೂರಿನ ನಮ್ಮ ಕಡೆ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ತಡವಾಯಿತು. ತರಗತಿಯಲ್ಲಿ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಮಳೆ ಬಿದ್ದು ಒಂಬತ್ತು ದಿನಕ್ಕೆ ಕಾಫಿ ಹೂ ಬಿಡುತ್ತಲ್ಲ, ಗಿಡಕ್ಕೆ ದಿನ ಎಣಿಸೋಕೆ ಯಾರು ಹೇಳಿಕೊಟ್ಟರು?” ಎರಡನೇ ಸಲ ಪಾಠ ಮಾಡಿದ್ದು ಆ ಪ್ರಶ್ನೆಯನ್ನು ಹಿಡಿದುಕೊಂಡು.

ಹಂತ 1: ವ್ಯಾಖ್ಯೆಯಿಂದ ಬೇಡ, ಪ್ರಶ್ನೆಯಿಂದ ಶುರುಮಾಡಿ

ನಿಮ್ಮ ಊರಿನವರು ನಿಜವಾಗಿ ತಲೆಕೆಡಿಸಿಕೊಳ್ಳುವ ಪ್ರಶ್ನೆಯೇ ಆಗಬೇಕು. ನನ್ನ ಪಾಠದಲ್ಲಿ ಮೇಸ್ತ್ರಿ ಆಕಾಶ ನೋಡುತ್ತಾನೆ, ಯಜಮಾನರು ಸ್ಪ್ರಿಂಕ್ಲರ್ ಪೈಪು ಎಳೆಸುತ್ತಾರೆ. ಬರದಲ್ಲಿ ಮಲಗಿದ್ದ ಮೊಗ್ಗುಗಳು ನೀರು ಬಿದ್ದೊಡನೆ ಎಚ್ಚೆತ್ತು, ಎಂಟು-ಹತ್ತು ದಿನದಲ್ಲಿ ಇಡೀ ತೋಟ ಒಟ್ಟಿಗೆ ಬೆಳ್ಳಗಾಗುತ್ತದೆ. ಅಷ್ಟರಲ್ಲಿ, ಹೂ ಅರಳಿದ ದಿನವೇ ಮಳೆ ಹೊಡೆಯುತ್ತದೆ. ಮಳೆಗಾಗಿ ಕಾದಿದ್ದ ಯಜಮಾನರೇ ಈಗ ಮುಖ ಸಪ್ಪಗೆ ಮಾಡಿಕೊಳ್ಳುವುದು ಯಾಕೆ? ಪರಾಗ ತೊಳೆದು ಹೋಗುತ್ತದೆಂದು ಮಕ್ಕಳೇ ಕಂಡುಹಿಡಿಯುತ್ತಾರೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೊಬಸ್ಟಾಗೆ ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತರಬೇಕು. ಸ್ವಕೀಯ, ಪರಕೀಯ ಎಂಬ ಪದಗಳನ್ನು ಇಲ್ಲಿ ಬರೆದರೆ ಸಾಕು. ಮೊದಲೇ ಬರೆದರೆ ಮಕ್ಕಳು ಬಾಯಿಪಾಠ ಮಾಡಿ ಮುಗಿಸುತ್ತಾರೆ.

ಹಂತ 2: ಐತಿಹ್ಯವನ್ನು ಐತಿಹ್ಯವೆಂದೇ ಬರೆಯಿರಿ

ಯೆಮನ್‌ನ ಮೋಖಾದಿಂದ ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಕಥೆ ಇಲ್ಲಿ ಯಾರಿಗೆ ಗೊತ್ತಿಲ್ಲ? ಪಾಠದಲ್ಲಿ ಖಂಡಿತ ಇರಲಿ, ಆದರೆ “ಎಂದು ಹೇಳುತ್ತಾರೆ” ಎಂಬುದೂ ಜೊತೆಗಿರಲಿ. ಮೊಗ್ಗು ಎಚ್ಚರಗೊಳ್ಳುವ ಮಾತು ಪರೀಕ್ಷಿಸಿ ನೋಡಬಹುದಾದದ್ದು, ಏಳು ಬೀಜದ ಮಾತು ಹಾಗಲ್ಲ. ಈ ಗೆರೆ ಅಳಿಸಿದರೆ ಕಥೆ ಗೆದ್ದು ಪಾಠ ಸೋಲುತ್ತದೆ.

ಹಂತ 3: ಪರವಾನಗಿ ಸ್ಪಷ್ಟವಾಗಿ ಬರೆಯಿರಿ

ಪುಕ್ಕಟೆ ಸಿಗುವುದೆಲ್ಲ ಮುಕ್ತವಲ್ಲ. ಯುನೆಸ್ಕೊ 2002ರಲ್ಲಿ ಪ್ಯಾರಿಸ್‌ನಲ್ಲಿ ಕರೆದ ಸಭೆಯಲ್ಲಿ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ಹುಟ್ಟಿತು. ಬೇರೆಯವರು ಪಾಠವನ್ನು ಬಳಸಿ, ತಿದ್ದಿ, ಮತ್ತೆ ಹಂಚಲು ಅನುಮತಿ ಇರಬೇಕೆಂಬುದು ಅದರ ತಿರುಳು. ಅದೇ ವರ್ಷದ ಕೊನೆಗೆ, ಅಂಥ ಅನುಮತಿಯನ್ನು ಸಿದ್ಧ ಮಾತಿನಲ್ಲಿ ಬರೆದುಕೊಡುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಗಳು ಬಂದವು. ‘ಸಿಸಿ ಬೈ’ ಎಂದು ಬರೆದರೆ ನಿಮ್ಮ ಹೆಸರು ಹೇಳಿ ಏನು ಬೇಕಾದರೂ ಮಾಡಿಕೊಳ್ಳಬಹುದು. ‘ಎಸ್‌ಎ’ ಸೇರಿಸಿದರೆ, ತಿದ್ದಿ ಹಂಚುವವರು ಇದೇ ಷರತ್ತಿನಲ್ಲಿ ಹಂಚಬೇಕು. ತಿದ್ದಿ ಹಂಚಬಾರದು ಎನ್ನುವ ‘ಎನ್‌ಡಿ’ ಬೇಡವೇ ಬೇಡ. ಅದನ್ನು ಹಾಕಿದರೆ ನಿಮ್ಮ ಪಾಠವನ್ನು ತುಳುವಿಗೆ ಅನುವಾದಿಸಿ ಹಂಚಲೂ ಆಗದು.

ಚಿತ್ರಗಳನ್ನು ಗೂಗಲ್‌ನಿಂದ ಎತ್ತಬೇಡಿ. ನೀವೇ ತೆಗೆಯಿರಿ, ಇಲ್ಲವೇ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ. ಮಕ್ಕಳ ಮುಖವಿದ್ದರೆ ಮನೆಯವರ ಒಪ್ಪಿಗೆ ಬೇಕು.

ಹಂತ 4: ತಿದ್ದಲು ಬರುವ ಕಡತ ಕೊಡಿ

ಇದು ಸಣ್ಣ ವಿಷಯ, ಎಲ್ಲರೂ ಎಡವುವುದು ಇಲ್ಲೇ. ಪಿಡಿಎಫ್ ಜೊತೆ ಮೂಲ ಕಡತವನ್ನೂ ಕೊಡಿ, ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲೇ ಟೈಪಿಸಿ. ಹಳೇ ನುಡಿ ಫಾಂಟಿನ ಪಾಠ ಬೇರೆ ಕಂಪ್ಯೂಟರಿನಲ್ಲಿ ಚಿತ್ರಲಿಪಿಯಾಗುತ್ತದೆ.

ಹಂತ 5: ಕೊಂಡಿ ಕಳಿಸುವ ಮುಂಚೆ ಕಥೆ ಕಳಿಸಿ

ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣ ಇದೆ. ಚಿತ್ರಕಥೆಯಾದರೆ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಇದೆ. ಆದರೆ ಅಲ್ಲಿ ಇಟ್ಟ ಮಾತ್ರಕ್ಕೆ ಯಾರೂ ಹುಡುಕಿಕೊಂಡು ಬರುವುದಿಲ್ಲ. “ದಯವಿಟ್ಟು ಬಳಸಿ” ಎಂಬ ಸಂದೇಶದ ಗತಿ ಹನ್ನೊಂದು ಹೆಬ್ಬೆರಳು. ಈ ಸಲ ನಾನು ಒಂದು ನಿಮಿಷದ ಧ್ವನಿ ಸಂದೇಶ ಕಳಿಸಿದೆ. ಹುಡುಗಿ ಕೇಳಿದ ಪ್ರಶ್ನೆ ಹೇಳಿದೆ, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲವೆಂದೂ ಹೇಳಿ, ಅಲ್ಲಿಗೆ ನಿಲ್ಲಿಸಿದೆ. ಉತ್ತರ ಪಾಠದಲ್ಲಿತ್ತು. ಶಿಕ್ಷಕರ ಸಮಾಲೋಚನಾ ಸಭೆಯಲ್ಲೂ ಸ್ಲೈಡು ತೋರಿಸದೆ ಅಷ್ಟನ್ನೇ ಹೇಳಿದೆ. ಟೀ ಹೊತ್ತಿಗೆ ಮೂವರು ಕೊಂಡಿ ಕೇಳಿದರು.

ಹಂತ 6: ತಿದ್ದಿದವರ ಕಥೆಯನ್ನೂ ಹೇಳಿ

ಅರಸೀಕೆರೆಯ ಶಿಕ್ಷಕರೊಬ್ಬರು ನನ್ನ ಪಾಠದಿಂದ ಕಾಫಿಯನ್ನು ಕಿತ್ತು ತೆಂಗು ನೆಟ್ಟರು. ಎತ್ತರದ ತಳಿಗೆ ಪರಕೀಯ ಪರಾಗ ಬೇಕು, ಗಿಡ್ಡ ತಳಿ ಹೆಚ್ಚಾಗಿ ಸ್ವಕೀಯ. ನನ್ನ ಪಾಠದ ಎಲುಬು ಹಾಗೇ ಉಳಿಯಿತು, ಮಾಂಸ ಅವರ ಊರಿನದು. ಈಗ ನನ್ನ ಪಾಠವನ್ನು ಪರಿಚಯಿಸುವಾಗ ಅವರ ತೆಂಗಿನ ಕಥೆಯಿಂದಲೇ ಶುರುಮಾಡುತ್ತೇನೆ, ಬಯಲುಸೀಮೆಯವರು ಕಿವಿಗೊಡುವುದು ಅದಕ್ಕೇ.

ತಿದ್ದಿದ ಕಡತದ ಜೊತೆ ಅವರೊಂದು ಚೀಟಿಯನ್ನೂ ಕಳಿಸಿದ್ದರು: “ಮೇಡಂ, ನಾಲ್ಕನೇ ಪುಟದಲ್ಲಿ ಎರಡು ಕಾಗುಣಿತ ತಪ್ಪಿದೆ.”